ಮುಸ್ಸಂಜೆಯ ದಾರಿ ಮತ್ತು ನಮ್ಮ ಮೋಟಾರ್ ಸೈಕಲ್ಲು

ಐದು ಗಂಟೆಗೆ ನಮ್ಮ ಶಾಲೆಯ ಕೊನೆಯ ಗಂಟೆ ಬಾರಿಸುತ್ತದೆ. ಮಕ್ಕಳು ಹೊರಟುಹೋದ ಮೇಲೆ ಹಾಜರಿ ಪಟ, ಟಿಪ್ಪಣಿ ವಹಿ, ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಎರಡು ಮಾತು, ಇಷ್ಟನ್ನು ಮುಗಿಸಿ ನಾವು ಗಾಡಿಯನ್ನು ಗೇಟಿನ ಹೊರಗೆ ತರುವಷ್ಟರಲ್ಲಿ ಆರು ಹೊಡೆಯುತ್ತದೆ. ಡಿಸೆಂಬರ ತಿಂಗಳಲ್ಲಿ ನಮ್ಮ ಅಕ್ಕಲಕೋಟೆ ತಾಲೂಕಿನಲ್ಲಿ ಸೂರ್ಯ ಮುಳುಗುವುದೂ ಸುಮಾರು ಅದೇ ಹೊತ್ತಿಗೆ. ಭೀಮಾ, ಸೀನಾ, ಬೋರಿ ನದಿಗಳ ನೀರು ಮುಟ್ಟಿದ ಕಡೆಗಳಲ್ಲೆಲ್ಲ ಕಬ್ಬು ಕಡಿಯುವ ಹಂಗಾಮು ಅದು. ಹಗಲೆಲ್ಲ ಹೊಲದಲ್ಲಿ ಕಡಿದು ಹೇರಿದ ಕಬ್ಬು ಕಾರಖಾನೆಯ ದಾರಿ ಹಿಡಿಯುವುದು ಸಂಜೆಗೇ. ಹೊಲದಿಂದ ಬರುವ ಎತ್ತಿನ ಗಾಡಿ, ಊರಿಗೆ ಮರಳುವ ಎಮ್ಮೆ, ಸೊಲ್ಲಾಪುರದಿಂದ ಬರುವ ಎಸ್.ಟಿ. ಬಸ್ಸು, ಜನರನ್ನು ಹೊರಗೆ ಜೋತಾಡಿಸಿಕೊಂಡ ಟಮಟಮ್, ಹಿಂದೆ ಹಾಲಿನ ಕ್ಯಾನು ಕಟ್ಟಿದ ಫಟಫಟಿ, ಎಲ್ಲವೂ ಒಂದೇ ಡಾಂಬರು ಪಟ್ಟಿಯ ಮೇಲೆ ಒಂದೇ ಗಳಿಗೆಯಲ್ಲಿ ಸೇರುತ್ತವೆ. ಆ ಸಂತೆಯ ನಡುವೆ ನಮ್ಮದೂ ಒಂದು ಮೋಟಾರ್ ಸೈಕಲ್ಲು.

ಕನ್ನಡ ಕಲಿಸುವವರು ಹಳಗನ್ನಡವನ್ನೋ ಛಂದಸ್ಸನ್ನೋ ಬಿಟ್ಟು ಗಾಡಿಯ ದೀಪದ ವಿಷಯ ಬರೆಯಲು ಯಾಕೆ ಕುಳಿತರು ಎಂದು ವಾಚಕರು ಕೇಳಬಹುದು. ಕಾರಣವಿದೆ.

2016ರ ಜನವರಿಯ ಒಂದು ಸಂಜೆ ನಾವೂ ನಮ್ಮ ಗಣಿತದ ಸರರೂ ಒಂದೇ ಗಾಡಿಯ ಮೇಲೆ ಮನೆಗೆ ಹೊರಟಿದ್ದೆವು. ಗಾಡಿ ನಡೆಸುತ್ತಿದ್ದವರು ನಾವು. ವೇಗ ಐವತ್ತೈದರ ಆಸುಪಾಸು. ಪೂರ್ತಿ ಕತ್ತಲಾಗಿರಲಿಲ್ಲ, ಪಡುವಣದಲ್ಲಿ ಇನ್ನೂ ಕೆಂಪು ಉಳಿದಿತ್ತು. ಎದುರಿನಿಂದ ಒಂದು ಲಾರಿ ದೀಪವನ್ನು ತಗ್ಗಿಸದೆ ಬಂತು. ಅದು ದಾಟಿದ ಮೇಲೆ ಎರಡು ಮೂರು ಸೆಕೆಂಡು ನಮಗೆ ಏನೆಂದರೆ ಏನೂ ಕಾಣಲಿಲ್ಲ. ಕಂಡಾಗ ಎದುರಿಗೆ ಇದ್ದದ್ದು ರಸ್ತೆಯಲ್ಲ, ಕಬ್ಬಿನ ಗೋಡೆ. ಅಚ್ಚು ಮುರಿದು ನಿಂತಿದ್ದ ಟ್ರಾಲಿಯದು. ಹಿಂದೆ ದೀಪವಿಲ್ಲ, ಹೊಳೆಯುವ ಪಟ್ಟಿ ಇಲ್ಲ. ಗಾಲಿಗೆ ಎರಡು ಕಲ್ಲು ಒತ್ತಿದ್ದರು, ಹೊರಚಾಚಿದ ಕಬ್ಬಿನ ತುದಿಗೆ ಒಂದು ಕೆಂಪು ಚಿಂದಿ ಕಟ್ಟಿದ್ದರು. ಬ್ರೇಕು ಹಾಕಿದೆವು, ಗಾಡಿ ಅಡ್ಡಲಾಗಿ ಜಾರಿತು. ನಮ್ಮ ಕೊರಳೆಲುಬು ಮುರಿಯಿತು, ಗಣಿತದ ಸರರ ಮೊಣಕಾಲಿನ ಚರ್ಮ ಹೋಯಿತು. ಹೆಲ್ಮೆಟ್ಟು ಎಲ್ಲಿತ್ತು ಎಂದು ಕೇಳಿದರೆ, ಕನ್ನಡಿಗೆ ತೂಗುಹಾಕಿದ್ದೆವು. ಕನ್ನಡಿಗೆ ಏನೂ ಆಗಲಿಲ್ಲ.

ನಮ್ಮನ್ನು ಎತ್ತಿ ಟಮಟಮ್ ನಿಲ್ಲಿಸಿ ದವಾಖಾನೆಗೆ ತಂದವರು ಆ ಟ್ರ್ಯಾಕ್ಟರಿನ ಚಾಲಕರೇ. ಮುಖಕ್ಕೆ ನೀರು ಚಿಮುಕಿಸುವಾಗ ಅವರು ನಮ್ಮ ಗುರುತು ಹಿಡಿದರು. ಅವರ ಮಗಳು ನಮ್ಮ ತರಗತಿಯಲ್ಲಿದ್ದಳು. "ಸರ, ಕೆಂಪ ಅರಿಬಿ ಕಟ್ಟಿದ್ನೆಲ್ರೀ, ಕಾಣಲಿಲ್ಲೇನ್ರೀ?" ಎಂದು ಅವರು ಕೇಳಿದ ಪ್ರಶ್ನೆ ನಮ್ಮ ತಲೆಯಲ್ಲಿ ಉಳಿದುಬಿಟ್ಟಿತು. ಅವರು ಕಟ್ಟಿದ್ದು ನಿಜ. ನಮಗೆ ಕಾಣದೆ ಹೋದದ್ದೂ ನಿಜ.

ಮುಂದಿನ ಹಂಗಾಮಿನಲ್ಲಿ, ನಮ್ಮಲ್ಲಿಯೇ ಹತ್ತನೆಯ ತರಗತಿ ಮುಗಿಸಿ ಸೊಲ್ಲಾಪುರದಲ್ಲಿ ಟವೆಲ್ ನೇಯುವ ಕಾರಖಾನೆಗೆ ಸೇರಿದ್ದ ಹುಡುಗನೊಬ್ಬ ಪಾಳಿ ಮುಗಿಸಿ ಊರಿಗೆ ಬರುವಾಗ ಇಂಥದ್ದೇ ನಿಂತ ಟ್ರಾಲಿಗೆ ಹಿಂದಿನಿಂದ ಹಾಯ್ದ. ನಾವು ಉಳಿದಿದ್ದೆವು, ಅವನು ಉಳಿಯಲಿಲ್ಲ. ಅವನ ತಂಗಿ ಆಗ ಎಂಟನೆಯ ತರಗತಿಯ ಎರಡನೆಯ ಬೆಂಚಿನಲ್ಲಿ ಕೂಡುತ್ತಿದ್ದಳು. ಆ ಬೆಂಚಿನ ಎದುರಿಗೆ ನಿಂತು ಪಾಠ ಮಾಡಿದವರಿಗೆ ಈ ವಿಷಯ ಯಾವ ಶಿಕ್ಷಕರದು ಎಂಬ ಪ್ರಶ್ನೆ ಏಳುವುದಿಲ್ಲ.

ಕೆಂಪು ಅರಿವೆ ಯಾಕೆ ಕಾಣಲಿಲ್ಲ? ಇದರ ಉತ್ತರ ನಮ್ಮ ಕಣ್ಣಿನಲ್ಲಿಯೇ ಇದೆ.

ಕಣ್ಣಿನ ಹಿಂಭಾಗದ ಪರದೆಯಲ್ಲಿ ಎರಡು ಬಗೆಯ ಜೀವಕೋಶಗಳು ಬೆಳಕನ್ನು ಹಿಡಿಯುತ್ತವೆ. ಒಂದು ಶಂಕುವಿನಾಕಾರದವು, ಇನ್ನೊಂದು ಸರಳಿನಾಕಾರದವು. ಶಂಕುಗಳು ಹಗಲಿನ ಕೆಲಸಗಾರರು. ಬಣ್ಣ, ಅಕ್ಷರ, ಮುಖದ ಗುರುತು ಎಲ್ಲ ಅವುಗಳ ಪಾಲಿನದು. ಸರಳುಗಳು ರಾತ್ರಿಯ ಕಾವಲುಗಾರರು. ಮಸುಕು ಬೆಳಕಿನಲ್ಲಿಯೂ ಅವು ದುಡಿಯುತ್ತವೆ, ಆದರೆ ಬಣ್ಣವನ್ನು ತಿಳಿಯವು. ಮುಸ್ಸಂಜೆ ಎಂದರೆ ಹಗಲಿನವರು ಕೆಲಸ ಬಿಡುತ್ತಿರುವ, ರಾತ್ರಿಯವರು ಇನ್ನೂ ಪೂರ್ತಿ ಬಂದು ಸೇರದ ಹೊತ್ತು. ಬೆಳಕಿನಿಂದ ಕತ್ತಲಿಗೆ ಬಂದ ಕಣ್ಣು ಪೂರ್ತಿಯಾಗಿ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ನಮ್ಮ ಸೀಮೆಯಲ್ಲಿ ಸೂರ್ಯ ಮುಳುಗಿ ಸುಮಾರು ಇಪ್ಪತ್ತೈದು ನಿಮಿಷಕ್ಕೆಲ್ಲ ಚೆನ್ನಾಗಿ ಕತ್ತಲಾಗಿಬಿಡುತ್ತದೆ. ಹೀಗೆ ಕಣ್ಣಿಗೂ ಕತ್ತಲಿಗೂ ದಿನಾಲು ಓಟದ ಪಂದ್ಯ. ಅದರ ನಡುವೆ ಎದುರಿನ ಒಂದು ಲಾರಿ ಝಗ್ಗೆಂದು ಬೆಳಕು ಚೆಲ್ಲಿದರೆ ಕಣ್ಣು ಅಷ್ಟು ಹೊತ್ತು ಗಳಿಸಿದ್ದನ್ನೆಲ್ಲ ಕಳೆದುಕೊಂಡು ಮೊದಲಿನಿಂದ ಆರಂಭಿಸಬೇಕು. ನಲವತ್ತು ದಾಟಿದ ನಮ್ಮಂಥವರ ಕಣ್ಣು ಇದರಲ್ಲಿ ಇನ್ನೂ ನಿಧಾನ.

ಸರಳುಗಳಿಗೆ ಇನ್ನೊಂದು ಕೊರತೆ ಉಂಟು. ನೀಲಿ, ಹಸಿರು ಬೆಳಕಿಗೆ ಅವು ಬೇಗನೆ ಮಿಡಿಯುತ್ತವೆ. ಕೆಂಪು ಬೆಳಕಿಗೆ ಬಹುಮಟ್ಟಿಗೆ ಕುರುಡು. ಇದರ ಪರಿಣಾಮವನ್ನು ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಪುರ್ಕಿಂಜೆ ಎಂಬ ಚೆಕ್ ಶರೀರಶಾಸ್ತ್ರಜ್ಞ ವಿವರಿಸಿದ. ಬೆಳಕು ಕಡಿಮೆಯಾದಂತೆ ಕೆಂಪು ಬಣ್ಣ ಎಲ್ಲಕ್ಕಿಂತ ಮೊದಲು ಕಪ್ಪಾಗುತ್ತದೆ, ನೀಲಿ ಹೆಚ್ಚು ಹೊತ್ತು ಬೆಳ್ಳಗೆ ತೋರುತ್ತದೆ. ಅವನ ಹೆಸರಿನಿಂದಲೇ ಇದನ್ನು ಪುರ್ಕಿಂಜೆ ಪರಿಣಾಮ ಎಂದು ಕರೆಯುತ್ತಾರೆ. ಇದನ್ನು ನಂಬಲು ಪ್ರಯೋಗಶಾಲೆ ಬೇಕಿಲ್ಲ. ಮನೆಯ ಮುಂದೆ ದಾಸವಾಳದ ಗಿಡವಿದ್ದರೆ ಸಂಜೆ ಅದರ ಎದುರಿಗೆ ಅರ್ಧ ತಾಸು ಕುಳಿತು ನೋಡಿರಿ. ಹಗಲು ಕಣ್ಣು ಕುಕ್ಕುತ್ತಿದ್ದ ಹೂವು ಕತ್ತಲಾಗುತ್ತಲೂ ತನ್ನ ಎಲೆಗಳಿಗಿಂತ ಕಪ್ಪಾಗುತ್ತದೆ.

ಅಂದಮೇಲೆ ಹೊರಚಾಚಿದ ಕಬ್ಬಿಗೆ, ಕಬ್ಬಿಣದ ಸರಳಿಗೆ, ಕೆಟ್ಟು ನಿಂತ ಗಾಡಿಗೆ ಕೆಂಪು ಅರಿವೆ ಕಟ್ಟುವ ನಮ್ಮ ರೂಢಿ ಹಗಲಿಗೆ ಸರಿ, ಮುಸ್ಸಂಜೆಗೆ ಅಲ್ಲ. ಅಪಾಯವನ್ನು ಸೂಚಿಸಲೆಂದು ಕಟ್ಟಿದ್ದು ಅಪಾಯದ ಹೊತ್ತಿಗೆ ಸರಿಯಾಗಿ ಮಾಯವಾಗುತ್ತದೆ. ಆ ಚಾಲಕರ ಮೇಲೆ ನಮಗೆ ಸಿಟ್ಟಿಲ್ಲ. ಅವರು ತಮಗೆ ತಿಳಿದ ಎಚ್ಚರಿಕೆಯನ್ನು ವಹಿಸಿದ್ದರು. ಹಾಡಿನ ಪೆಟ್ಟಿಗೆಗೆ ಊರೆಲ್ಲ ಕೇಳುವಷ್ಟು ಬ್ಯಾಟರಿ ಇದ್ದು ಹಿಂದಿನ ದೀಪಕ್ಕೆ ಮಾತ್ರ ಇಲ್ಲದಿರುವ ಟ್ರ್ಯಾಕ್ಟರುಗಳ ಮೇಲೆ ನಮಗೆ ಸಿಟ್ಟಿದೆ.

ಹಾಗಾದರೆ ಹಿಂದಿನ ದೀಪ ಕೆಂಪೇ ಅಲ್ಲವೆ ಎಂದು ಒಂಬತ್ತನೆಯ ತರಗತಿಯ ಹುಡುಗನೊಬ್ಬ ಕೇಳಿದ. ಒಳ್ಳೆಯ ಪ್ರಶ್ನೆ. ದೀಪ ತಾನೇ ಬೆಳಕು ಸೂಸುತ್ತದೆ, ಆ ಬೆಳಕು ಶಂಕುಗಳನ್ನು ಎಚ್ಚರಿಸುವಷ್ಟು ಪ್ರಬಲವಾಗಿರುತ್ತದೆ. ಅರಿವೆಗೆ ತನ್ನದೇ ಬೆಳಕಿಲ್ಲ, ಆಕಾಶದಲ್ಲಿ ಉಳಿದ ಚೂರುಪಾರು ಬೆಳಕನ್ನೇ ಅದು ನಂಬಿದೆ.

ಇನ್ನು ಎತ್ತಿನ ಕಣ್ಣಿನ ವಿಷಯ. ಕತ್ತಲಲ್ಲಿ ಎದುರಿನಿಂದ ಎತ್ತಿನ ಗಾಡಿ ಬರುತ್ತಿದ್ದರೆ ನಮ್ಮ ದೀಪ ಬಿದ್ದೊಡನೆ ನಾಲ್ಕು ಕೆಂಡದಂತೆ ಕಣ್ಣುಗಳು ಹೊಳೆಯುವುದನ್ನು ಎಲ್ಲರೂ ಕಂಡಿದ್ದೇವೆ. ದನ, ಎಮ್ಮೆ, ಬೆಕ್ಕು, ನಾಯಿಗಳ ಕಣ್ಣಿನ ಪರದೆಯ ಹಿಂದೆ ಕನ್ನಡಿಯಂಥ ಒಂದು ಪದರವಿದೆ. ಒಳಗೆ ಹೋದ ಬೆಳಕನ್ನು ಅದು ಬಂದ ದಾರಿಯಲ್ಲಿಯೇ ಹಿಂದಕ್ಕೆ ಕಳಿಸುತ್ತದೆ. ಮನುಷ್ಯರಿಗೆ ಆ ಪದರ ಇಲ್ಲ, ಆದುದರಿಂದ ನಾವು ಹೊಳೆಯುವುದಿಲ್ಲ. ರಸ್ತೆಯ ನಡುಗೆರೆಯ ಮೇಲೆ ಹೂಳುವ ಹೊಳೆಯುವ ಗುಂಡಿಗಳಿಗೆ ಆಂಗ್ಲರು ಬೆಕ್ಕಿನ ಕಣ್ಣು ಎಂದೇ ಹೆಸರಿಟ್ಟರು. ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ಪರ್ಸಿ ಷಾ ಎಂಬಾತ 1934ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದ. ಈಗ ಅಂಗಡಿಯಲ್ಲಿ ಸಿಗುವ ರಿಫ್ಲೆಕ್ಟರ್ ಪಟ್ಟಿಯಲ್ಲಿಯೂ ಅದೇ ತತ್ತ್ವ. ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗಾಜಿನ ಮಣಿಗಳೋ ಮೂಲೆಗನ್ನಡಿಗಳೋ ಇದ್ದು ಬೆಳಕನ್ನು ಚೆಲ್ಲಾಪಿಲ್ಲಿ ಮಾಡದೆ ಅದು ಬಂದ ಕಡೆಗೇ ಮರಳಿಸುತ್ತವೆ. ಗಾಡಿ ನಡೆಸುವವನ ದೀಪ ಮತ್ತು ಕಣ್ಣು ಹತ್ತಿರ ಹತ್ತಿರ ಇರುವುದರಿಂದ ಆ ಬೆಳಕು ನೇರವಾಗಿ ಅವನಿಗೇ ಸಿಗುತ್ತದೆ.

ಆದರೆ ಎತ್ತಿನ ಕಣ್ಣು ಇರುವುದು ಮುಂದೆ. ಹಿಂದಿನಿಂದ ಬರುವವನಿಗೆ ಕಾಣುವುದು ಕಬ್ಬಿನ ಬುಡ ಮಾತ್ರ. ಈಚಿನ ಹಂಗಾಮುಗಳಲ್ಲಿ ಕಾರಖಾನೆಗಳೂ ಪೋಲೀಸರೂ ಟ್ರಾಲಿ, ಗಾಡಿಗಳ ಹಿಂದೆ ಹೊಳೆಯುವ ಬಟ್ಟೆ, ಪಟ್ಟಿ ಹಚ್ಚಿಸುವ ಒಳ್ಳೆಯ ಕೆಲಸ ಮಾಡುತ್ತಿದ್ದಾರೆ. ದೀಪಾವಳಿಯ ಸುಮಾರಿಗೆ ಹಚ್ಚಿದ್ದು ಸಂಕ್ರಾಂತಿಯ ಹೊತ್ತಿಗೆ ಧೂಳು ಮೆತ್ತಿಯೋ ಹರಿದೋ ಹೋಗಿರುತ್ತದೆ ಎಂಬುದು ನಮ್ಮ ಅನುಭವ. ಧೂಳು ಮೆತ್ತಿದ ಪಟ್ಟಿ ಇದ್ದೂ ಇಲ್ಲದ ಹಾಗೆ.

ಕಳೆದ ಡಿಸೆಂಬರದಲ್ಲಿ ಪಾಲಕರ ಒಪ್ಪಿಗೆ ಪಡೆದು, ಒಂಬತ್ತನೆಯ ತರಗತಿಯವರನ್ನು ಒಂದು ಸಂಜೆ ಮೈದಾನದಲ್ಲಿ ನಿಲ್ಲಿಸಿಕೊಂಡೆವು. ಕಂಪೌಂಡಿನ ದೀಪಗಳನ್ನು ಆರಿಸಿ, ನಮ್ಮ ಗಾಡಿಯನ್ನು ಒಂದು ತುದಿಯಲ್ಲಿ ನಿಲ್ಲಿಸಿ, ದೀಪವನ್ನು ಡಿಪ್ಪರಿಗೆ ಹಾಕಿ, ಬೇರೆ ಬೇರೆ ಉಡುಪಿನ ಹುಡುಗರನ್ನು ಬೆನ್ನು ತಿರುಗಿಸಿ ನಿಲ್ಲಲು ಹೇಳಿದೆವು. ಗಾಡಿಯ ಮೇಲೆ ಕುಳಿತ ಹುಡುಗಿ "ಕಂಡ್ರಿ" ಎಂದು ಕೂಗುವ ತನಕ ಅವರು ಹಿಂದೆ ಹಿಂದೆ ಸರಿದು ಹತ್ತಿರ ಬರಬೇಕು. ಖೋ-ಖೋ ಅಂಕಣ ಅಳೆಯುವ ಟೇಪು ಹಿಡಿದವರು ಗಣಿತದ ಸರ.

ಅಜ್ಜನ ಕರಿ ಕಂಬಳಿ ಹೊದ್ದು ಬಂದವನು ಇಪ್ಪತ್ತೈದು ಮೀಟರಿಗೆ ಕಂಡ. ಈಗ ಎಲ್ಲ ಹುಡುಗರೂ ತೊಡುವ ಕರಿಯ ಜಾಕೀಟು ಅದಕ್ಕಿಂತ ಮೂರೇ ಮೀಟರು ಹೆಚ್ಚು. ಧೋತರ, ಬಿಳಿ ಅಂಗಿ, ಬಿಳಿ ಟೋಪಿ ಹಾಕಿಸಿದವನು ಅರವತ್ತಕ್ಕೆ ಕಂಡ. ಬೆನ್ನಿಗೆ ಒಂದು ಗೇಣು ರಿಫ್ಲೆಕ್ಟರ್ ಪಟ್ಟಿ ಅಂಟಿಸಿಕೊಂಡವನು ಮೈದಾನದ ಕೊನೆಯ ಗೋಡೆಗೆ, ಎಂದರೆ ನೂರಾ ಹತ್ತು ಮೀಟರಿಗೆ ಆತು ನಿಂತರೂ ಮೊದಲಿನಿಂದಲೇ ಕಾಣುತ್ತಿದ್ದ. ಇನ್ನೂ ಹಿಂದೆ ಸರಿಯಲು ಜಾಗವಿರಲಿಲ್ಲ. ಇದು ಶಾಸ್ತ್ರೀಯ ಪ್ರಯೋಗವಲ್ಲ ಎಂದು ವಿಜ್ಞಾನದ ಬಾಯಿಯವರು ನಮಗೆ ಎಚ್ಚರಿಕೆ ಕೊಟ್ಟಿದ್ದಾರೆ. ಅಲ್ಲಿ ಯಾರೋ ನಿಂತಿದ್ದಾರೆ ಎಂದು ಹುಡುಗಿಗೆ ಮೊದಲೇ ಗೊತ್ತಿತ್ತು. ರಸ್ತೆಯಲ್ಲಿ ಗೊತ್ತಿರುವುದಿಲ್ಲ, ಆದುದರಿಂದ ಅಲ್ಲಿ ಈ ಅಂತರಗಳು ಇನ್ನೂ ಕಡಿಮೆ ಎಂದು ತಿಳಿಯಬೇಕು. ನಮ್ಮ ಹಿರಿಯರು ಬೆಳ್ಳನೆಯ ಉಡುಪಿನಲ್ಲಿ ಸಂಜೆಯ ದಾರಿ ನಡೆದು ಸುರಕ್ಷಿತವಾಗಿ ಮನೆ ಸೇರುತ್ತಿದ್ದರು. ಮೊಮ್ಮಕ್ಕಳು ಕರಿ ಜಾಕೀಟು, ಕರಿ ಪ್ಯಾಂಟು, ಕರಿ ಗಾಡಿ, ಕರಿ ಹೆಲ್ಮೆಟ್ಟಿನಲ್ಲಿ ಅದಕ್ಕಿಂತ ಹತ್ತು ಪಟ್ಟು ವೇಗವಾಗಿ ಹೋಗುತ್ತಾರೆ.

ಈಗ ಗಣಿತದ ಸರರ ಲೆಕ್ಕ. ತಾಸಿಗೆ 60 ಕಿಲೋಮೀಟರು ಎಂದರೆ ಸೆಕೆಂಡಿಗೆ ಸುಮಾರು 17 ಮೀಟರು. ಎದುರಿಗೆ ಏನೋ ಇದೆ ಎಂದು ಕಣ್ಣು ಕಂಡು, ಮನಸ್ಸು ತಿಳಿದು, ಕೈಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡು ಹಿಡಿಯಿರಿ. ಅಷ್ಟರಲ್ಲಿ ಗಾಡಿ 25 ಮೀಟರು ಓಡಿರುತ್ತದೆ. ಬ್ರೇಕು ಹಿಡಿದ ಮೇಲೆ ಒಣ ರಸ್ತೆಯಲ್ಲಿ ಸಾಧಾರಣ ಗಾಡಿ ನಿಲ್ಲಲು ಇನ್ನೂ 28 ಮೀಟರು. ಒಟ್ಟು 53. ಕರಿ ಕಂಬಳಿ ಕಂಡದ್ದು 25 ಮೀಟರಿಗೆ ಎಂಬುದನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿರಿ. ಅಂಥವನನ್ನು ಕಂಡು ಕೈ ಬ್ರೇಕಿಗೆ ಹೋಗುವಷ್ಟರಲ್ಲಿ ನಾವು ಅವನ ಮೇಲೆಯೇ ಇರುತ್ತೇವೆ. ವೇಗ 40 ಆದರೆ ಮೊದಲಿನದು 17, ಎರಡನೆಯದು 12, ಒಟ್ಟು 29. ಇಷ್ಟಕ್ಕೂ ನಾಲ್ಕು ಮೀಟರು ಸಾಲದು, ಆದರೆ ಅಷ್ಟು ಹೊತ್ತಿಗೆ ವೇಗ ಬಹಳ ಇಳಿದಿರುತ್ತದೆ, ಪಕ್ಕಕ್ಕೆ ತಿರುಗಿಸಿಕೊಳ್ಳಲು ಎಡೆ ಸಿಕ್ಕರೂ ಸಿಗಬಹುದು. ವೇಗ ಒಂದೂವರೆ ಪಟ್ಟು ಆದರೆ ಬ್ರೇಕಿನ ಅಂತರ ಎರಡೂಕಾಲು ಪಟ್ಟು ಆಗುತ್ತದೆ, ಏಕೆಂದರೆ ಅದು ವೇಗದ ವರ್ಗಕ್ಕೆ ಅನುಗುಣ. ವರ್ಗ ಯಾಕೆ ಕಲಿಯಬೇಕು ಎಂದು ಕೇಳುವ ಮಕ್ಕಳಿಗೆ ಗಣಿತದ ಸರ ಈಗ ಈ ಉದಾಹರಣೆಯನ್ನೇ ಕೊಡುತ್ತಾರೆ. ನಮ್ಮ ದೀಪ ಎಷ್ಟು ದೂರ ತೋರಿಸುತ್ತದೆಯೋ ಅಷ್ಟರೊಳಗೆ ನಿಲ್ಲಬಲ್ಲ ವೇಗವೇ ಸಂಜೆಯ ವೇಗ. ರಸ್ತೆ ಅಗಲವಾಗಿದೆ, ನುಣುಪಾಗಿದೆ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ರಸ್ತೆಯ ಬದಿಗೆ "ವಾಹನೇ ಸಾವಕಾಶ ಚಾಲವಾ" ಎಂದು ಮರಾಠಿಯಲ್ಲಿ ಫಲಕವಿದೆ. ಸಾವಕಾಶ ಎಂಬ ಮಾತು ನಮ್ಮ ಮನೆಗಳ ಕನ್ನಡದಲ್ಲಿಯೂ ಅದೇ ಅರ್ಥದಲ್ಲಿ ಇದೆ. ಓದಲು ಬಾರದು ಎಂದು ನೆಪ ಹೇಳುವಂತಿಲ್ಲ.

ನಮಗೆ ಕಾಣುವುದರ ಮಾತು ಇಷ್ಟಾಯಿತು. ನಾವು ಕಾಣಿಸಿಕೊಳ್ಳುವುದು ಅದಕ್ಕಿಂತ ದೊಡ್ಡ ವಿಷಯ, ಮತ್ತು ಅದನ್ನೇ ನಾವು ಮರೆಯುತ್ತೇವೆ. "ಇನ್ನೂ ಬೆಳಕೈತಿ, ಲೈಟ್ ಯಾಕ?" ಎನ್ನುವವರು ದೀಪ ತಮಗಾಗಿ ಎಂದು ತಿಳಿದಿದ್ದಾರೆ. 2017ರ ಏಪ್ರಿಲ್ ತಿಂಗಳಿನಿಂದ ನಮ್ಮ ದೇಶದಲ್ಲಿ ಮಾರಾಟವಾಗುವ ಹೊಸ ದ್ವಿಚಕ್ರ ವಾಹನಗಳಲ್ಲಿ ಎಂಜಿನ್ ಶುರುವಾದೊಡನೆ ಮುಂದಿನ ದೀಪ ತಾನಾಗಿ ಹತ್ತಬೇಕೆಂದು ಸರಕಾರ ನಿಯಮ ಮಾಡಿದ್ದು ದಾರಿ ತೋರಿಸಲಿಕ್ಕಲ್ಲ, ಎದುರಿನವರಿಗೆ ಗಾಡಿಯನ್ನು ತೋರಿಸಲಿಕ್ಕೆ. ಎದುರಿನಿಂದ ಬರುವ ಜೀಪನ್ನು ನೋಡುವಾಗ ಅದರ ಎರಡು ದೀಪಗಳ ನಡುವಿನ ಅಂತರ ಹಿಗ್ಗುವುದರಿಂದ ಅದು ಹತ್ತಿರ ಬರುತ್ತಿದೆ ಎಂದು ನಮ್ಮ ಮನಸ್ಸು ತಿಳಿಯದೆಯೇ ಅಳೆಯುತ್ತದೆ. ಮೋಟಾರ್ ಸೈಕಲ್ಲಿಗೆ ಒಂದೇ ದೀಪ. ಹಿಗ್ಗುವ ಅಂತರವೇ ಇಲ್ಲ. ನೋಡುವವನಿಗೆ ಅದು ದೂರದಲ್ಲಿ ನಿಂತ ಚುಕ್ಕೆಯಂತೆ ತೋರಿ, "ಇನ್ನೂ ದೂರ ಐತಿ" ಎಂದು ಅವನು ಅಡ್ಡ ಬರುತ್ತಾನೆ. ಅಡ್ಡರಸ್ತೆ ಬಂದಲ್ಲೆಲ್ಲ ಎದುರಿನವನಿಗೆ ನಾವು ಕಂಡರೂ ನಮ್ಮ ವೇಗ ಅವನಿಗೆ ತಿಳಿದಿಲ್ಲ ಎಂದೇ ಭಾವಿಸಿ ಕೈಯನ್ನು ಬ್ರೇಕಿನ ಮೇಲೆ ಇಟ್ಟುಕೊಳ್ಳುವುದು ಲೇಸು. ಇದರ ತಿರುವುಮುರುವೂ ಉಂಟು. ಎದುರಿಗೆ ಒಂದೇ ದೀಪ ಕಂಡಿತೆಂದು ಅದು ಮೋಟಾರ್ ಸೈಕಲ್ಲೇ ಎಂದು ನಂಬಬೇಡಿರಿ. ಒಕ್ಕಣ್ಣಿನ ಟೆಂಪೋಗಳು ನಮ್ಮ ದಾರಿಯಲ್ಲಿ ಬೇಕಾದಷ್ಟಿವೆ, ಆರಿದ ಕಣ್ಣು ಸಾಮಾನ್ಯವಾಗಿ ನಮ್ಮ ಕಡೆಯದೇ ಆಗಿರುತ್ತದೆ.

ಹಿಂದಿನಿಂದ ಕಾಣುವ ವಿಷಯದಲ್ಲಿ ನಾವು ಮಾಡಿಕೊಳ್ಳುವ ತೊಂದರೆಗಳು ಹಲವು. ಹಿಂದೆ ಕಣಿಕೆಯ ಸಿವುಡು ಕಟ್ಟಿದರೆ ಅದು ಕೆಂಪು ದೀಪದ ಮೇಲೆ ಮುಸುಕು ಹಾಕುತ್ತದೆ. ಹಾಲಿನ ಕ್ಯಾನುಗಳು ಎರಡೂ ಬದಿಯ ತಿರುವಿನ ದೀಪಗಳನ್ನು ಮುಚ್ಚುತ್ತವೆ. ಹಿಂದೆ ಕುಳಿತ ತಾಯಂದಿರ ಸೆರಗು, ಶಾಲು ದೀಪದ ಮೇಲೆ ಇಳಿಬೀಳುತ್ತದೆ. ಅದು ಗಾಲಿಗೆ ಸಿಕ್ಕಿದರಂತೂ ಕೊರಳಿಗೇ ಅಪಾಯ. ಕುಳಿತ ಕೂಡಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಿರಿ ಎಂದು ಹೇಳುವ ಕೆಲಸ ಗಾಡಿ ನಡೆಸುವವನದು. ಭಾರ ಹಿಂದೆ ಹೆಚ್ಚಾದಾಗ ಗಾಡಿಯ ಮೂತಿ ಮೇಲೆದ್ದು ದೀಪ ರಸ್ತೆಯನ್ನು ಬಿಟ್ಟು ಬೇವಿನ ಮರದ ಕೊಂಬೆಯನ್ನು ತೋರಿಸುತ್ತದೆ, ಎದುರಿನವರ ಕಣ್ಣನ್ನೂ ಕುಕ್ಕುತ್ತದೆ. ದೀಪವನ್ನು ಕೆಳಗೆ ಮಾಡಿಕೊಳ್ಳುವ ತಿರುಪು ಬಹುತೇಕ ಎಲ್ಲ ಗಾಡಿಗಳಲ್ಲಿಯೂ ಇದೆ. ಮೇಸ್ತ್ರಿಯನ್ನು ಒಮ್ಮೆ ಕೇಳಿದರೆ ತೋರಿಸುತ್ತಾನೆ. ಇನ್ನೊಂದು, ನಮಗೂ ತಡವಾಗಿ ತಿಳಿದದ್ದು. ಬರೀ ಗೇರು ಇಳಿಸಿ ವೇಗ ಕಡಿಮೆ ಮಾಡಿದರೆ ಹಿಂದಿನ ಬ್ರೇಕು ದೀಪ ಹತ್ತುವುದಿಲ್ಲ. ಹಿಂದಿನ ಬಸ್ಸಿನವನಿಗೆ ನಾವು ನಿಧಾನವಾದದ್ದು ಗೊತ್ತೇ ಆಗುವುದಿಲ್ಲ. ಬ್ರೇಕನ್ನು ಒಮ್ಮೆ ಮೆತ್ತಗೆ ಮುಟ್ಟಿದರೆ ದೀಪ ಮಿನುಗಿ ಅವನಿಗೆ ಹೇಳುತ್ತದೆ.

ಎದುರಿನಿಂದ ಕಣ್ಣು ಕುಕ್ಕುವ ಬೆಳಕು ಬಂದಾಗ ಸೇಡಿಗೆಂದು ನಾವೂ ಅಪ್ಪರ್ ಹಾಕುವುದುಂಟು. ಅದರಿಂದ ಒಬ್ಬ ಕುರುಡನ ಬದಲು ಇಬ್ಬರಾಗುತ್ತಾರೆ. ಒಮ್ಮೆ ಡಿಪ್ಪರ್ ಕೊಟ್ಟು ನೆನಪಿಸಿ, ನಿಧಾನಿಸಿ, ಆ ದೀಪವನ್ನು ನೋಡದೆ ರಸ್ತೆಯ ಎಡ ಅಂಚಿನ ಬಿಳಿ ಗೆರೆಯ ಮೇಲೆ ದೃಷ್ಟಿ ನೆಡಬೇಕು. ಗೆರೆ ಇಲ್ಲದಿದ್ದರೆ ಡಾಂಬರಿನ ಅಂಚು. ಆದರೆ ಗಾಡಿಯನ್ನೇ ಅಂಚಿಗೆ ಒಯ್ಯಬಾರದು, ನಿಂತ ಟ್ರಾಲಿ, ಒಣಗಹಾಕಿದ ತೊಗರಿ, ನಡೆದುಬರುವ ಜನ, ಎಲ್ಲ ಇರುವುದು ಅಲ್ಲಿಯೇ. ಬಸ್ಸಿನ ಬೆನ್ನಿಗೆ ಅಂಟಿಕೊಂಡು ಹೋಗುವುದೂ ಕೆಟ್ಟದ್ದು. ಬಸ್ಸು ಸರಕ್ಕನೆ ಬಲಕ್ಕೆ ಸರಿದು ಟ್ರಾಲಿಯನ್ನು ತಪ್ಪಿಸಿಕೊಳ್ಳುತ್ತದೆ, ಟ್ರಾಲಿ ನಮ್ಮ ಪಾಲಿಗೆ ಉಳಿಯುತ್ತದೆ. ಬಸ್ಸು ಒಂದು ಮೈಲಿಗಲ್ಲನ್ನು ದಾಟಿದಾಗ "ಇಪ್ಪತ್ತೊಂದು, ಇಪ್ಪತ್ತೆರಡು, ಇಪ್ಪತ್ತಮೂರು" ಎಂದು ಸಾವಕಾಶ ಎಣಿಸಿರಿ. ಮೂರನ್ನೂ ಎಣಿಸುವ ಮೊದಲೇ ನಾವು ಆ ಕಲ್ಲನ್ನು ಮುಟ್ಟಿದರೆ ಹತ್ತಿರವಾದೆವು ಎಂದರ್ಥ.

ಹೆಲ್ಮೆಟ್ಟಿನ ಬಗ್ಗೆ ಹೆಚ್ಚು ಹೇಳುವ ಅಧಿಕಾರ ನಮಗಿಲ್ಲ, ಕನ್ನಡಿಗೆ ತೂಗುಹಾಕಿದವರು ನಾವು. 1988ರ ಮೋಟಾರು ವಾಹನ ಕಾಯಿದೆಯ 129ನೆಯ ಕಲಮು ನಡೆಸುವವನಿಗೂ ಹಿಂದೆ ಕೂಡುವವನಿಗೂ ಅದನ್ನು ಕಡ್ಡಾಯ ಮಾಡಿದೆ. 2021ರ ಜೂನ್ ತಿಂಗಳಿನಿಂದ ಐ.ಎಸ್.ಐ. ಗುರುತಿಲ್ಲದ ದ್ವಿಚಕ್ರ ಹೆಲ್ಮೆಟ್ಟನ್ನು ಮಾರುವಂತಿಲ್ಲ. ಸಂಜೆಯ ಮಟ್ಟಿಗೆ ಒಂದು ಮಾತು. ಮುಂದಿನ ಗಾಜು ಬಿಳಿಯದಿರಲಿ. ಹಗಲಿಗೆ ಚೆಂದ ಎಂದು ಕಪ್ಪು ಗಾಜು ಕೊಂಡವರು ಸಂಜೆ ಅದನ್ನು ಎತ್ತಿಕೊಂಡು ಹೋಗುತ್ತಾರೆ, ಆಗ ಹುಳ ನೇರ ಕಣ್ಣಿಗೆ ಬೀಳುತ್ತದೆ. ಗೀರು ಬಿದ್ದ ಗಾಜಿನಲ್ಲಿ ಎದುರಿನ ಒಂದು ದೀಪ ಹತ್ತಾಗಿ ಒಡೆದು ಕಾಣುತ್ತದೆ. ಧೂಳನ್ನು ಒಣ ಅರಿವೆಯಿಂದ ಒರೆಸುವುದೇ ಗೀರಿಗೆ ಕಾರಣ, ನೀರು ಹಾಕಿ ತೊಳೆಯಬೇಕು.

ಕೇಂದ್ರ ಸಾರಿಗೆ ಇಲಾಖೆಯ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ ನೂರಕ್ಕೆ 44ಕ್ಕಿಂತ ಹೆಚ್ಚು ಜನ ದ್ವಿಚಕ್ರ ವಾಹನದ ಮೇಲಿದ್ದವರು. ಅಪಘಾತಗಳಲ್ಲಿ ಹೆಚ್ಚುಕಡಿಮೆ ಐದನೆಯ ಒಂದು ಪಾಲು ನಡೆಯುವುದು ಸಂಜೆ ಆರರಿಂದ ಒಂಬತ್ತರ ನಡುವೆ, ದಿನದ ಬೇರೆ ಯಾವ ಮೂರು ತಾಸಿಗಿಂತಲೂ ಹೆಚ್ಚು.

ನಮ್ಮ ಹತ್ತನೆಯ ತರಗತಿಯ ಕೆಲವು ವೀರರಿಗೆ ಇಲ್ಲಿಯೇ ಒಂದು ಮಾತು ಹೇಳಬೇಕು. ಶಾಲೆಯ ಗೇಟಿನವರೆಗೆ ತರದೆ ಹಿಟ್ಟಿನ ಗಿರಣಿಯ ಹಿಂದೆ ನಿಲ್ಲಿಸಿ ಬರುವ ಗಾಡಿಗಳು ಯಾರವು ಎಂದು ನಮಗೆ ಗೊತ್ತಿದೆ. ಗೇರಿನ ಮೋಟಾರ್ ಸೈಕಲ್ಲಿಗೆ ಪರವಾನಗಿ ಸಿಗುವುದು ಹದಿನೆಂಟು ತುಂಬಿದ ಮೇಲೆ. 2019ರಲ್ಲಿ ತಿದ್ದಿದ ಕಾಯಿದೆಯಲ್ಲಿ ಅಪ್ರಾಪ್ತ ಮಗ ಗಾಡಿ ಓಡಿಸಿ ಅಪರಾಧವಾದರೆ ಪಾಲಕರಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಸೆರೆಮನೆ ಇದೆ. ಕಬ್ಬಿನ ಬಿಲ್ಲು ಬರುವ ಮೊದಲೇ ಅಪ್ಪನಿಗೆ ಆ ಬಿಲ್ಲು ತಂದುಕೊಡಬೇಡಿರಿ.

ದಾರಿಯಲ್ಲಿ ಯಾರಾದರೂ ಬಿದ್ದದ್ದು ಕಂಡರೆ ಪೋಲೀಸರ ತೊಡಕು ಬೇಡವೆಂದು ದಾಟಿ ಹೋಗುವ ಕಾರಣ ಈಗ ಇಲ್ಲ. ಸಹಾಯ ಮಾಡಿದವರನ್ನು ಅದೇ 2019ರ ತಿದ್ದುಪಡಿ ರಕ್ಷಿಸುತ್ತದೆ. ಮೊದಲು ನಿಮ್ಮ ಗಾಡಿಯ ದೀಪ ಹಿಂದಿನಿಂದ ಬರುವವರಿಗೆ ಕಾಣುವಂತೆ ನಿಲ್ಲಿಸಿ, ಆಮೇಲೆ 108ಕ್ಕೆ ಫೋನು ಮಾಡಿರಿ. ಅವಸರದಿಂದ ಕೊರಳು ಎಳೆದು ಹೆಲ್ಮೆಟ್ಟು ಬಿಚ್ಚಬೇಡಿರಿ, ಉಸಿರಾಟಕ್ಕೆ ತೊಂದರೆಯಿಲ್ಲದಿದ್ದರೆ ಆ ಕೆಲಸ ಆಂಬುಲೆನ್ಸಿನವರಿಗೆ ಬಿಡಿರಿ.

ಮೈದಾನದ ಆ ಸಂಜೆಗೆಂದು ತಂದ ಪಟ್ಟಿ ಉಳಿದಿತ್ತು. ಮರುದಿನ ನಮ್ಮ ಶಿಕ್ಷಕರ ಗಾಡಿಗಳ ಹಿಂದೆಲ್ಲ ಅಂಟಿಸಿದೆವು. ನಾಲ್ಕು ದಿನ ಬಿಟ್ಟು ಏಳನೆಯ ತರಗತಿಯ ಹುಡುಗಿಯೊಬ್ಬಳು ಬಂದು, "ಸರ, ನಮ್ಮಪ್ಪನ ಟ್ರಾಲಿಗೂ ಬೇಕಂತ್ರಿ, ಅಕ್ಕ ಹೇಳ್ಯಾಳ್ರಿ" ಎಂದಳು. ಅಕ್ಕ ಯಾರು ಎಂದು ಕೇಳಿದಾಗ, 2016ರಲ್ಲಿ ನಮ್ಮನ್ನು ದವಾಖಾನೆಗೆ ತಂದವರ ಹಿರಿಯ ಮಗಳೆಂದು ತಿಳಿಯಿತು. ಆಮೇಲೆ ಪಾಲಕರ ವಂತಿಗೆಯಿಂದ ಇನ್ನೂ ಎರಡು ರೋಲು ತರಿಸಿದ್ದೇವೆ. ಶಿಕ್ಷಕರ ಕೋಣೆಯ ಕಪಾಟಿನಲ್ಲಿ, ಸೀಮೆಸುಣ್ಣದ ಡಬ್ಬಿಯ ಪಕ್ಕದಲ್ಲಿವೆ. ಗಾಡಿಯ ಹಿಂದಕ್ಕೆ ಕೆಂಪು, ಮುಂದಕ್ಕೆ ಬಿಳಿ, ಇದನ್ನು ಅದಲುಬದಲು ಮಾಡಬಾರದು. ಬರುವವನಿಗೆ ಬೆನ್ನು ಯಾವುದು, ಮುಖ ಯಾವುದು ಎಂದು ಅದರಿಂದಲೇ ತಿಳಿಯಬೇಕು. ಮೋಟಾರ್ ಸೈಕಲ್ಲಿನ ಹಿಂದಿನ ಮಡ್‌ಗಾರ್ಡಿಗೆ ಒಂದು ಗೇಣು ಸಾಕು, ಟ್ರಾಲಿಯ ಹಿಂಬದಿಗೆ ಅಡ್ಡಲಾಗಿ ನಾಲ್ಕು ಮೊಳವಾದರೂ ಬೇಕು, ಕಬ್ಬು ಇಳಿಬೀಳುವ ಜಾಗ ಬಿಟ್ಟು ಕೆಳಗೆ. ಬೇಕಾದವರು ಅಳತೆ ತೆಗೆದುಕೊಂಡು ಬನ್ನಿರಿ. ಅಂಟಿಸುವ ಮೊದಲು ಒದ್ದೆ ಅರಿವೆಯಿಂದ ಧೂಳು ಒರೆಸಿ ಚೆನ್ನಾಗಿ ಒಣಗಿಸಿರಬೇಕು, ಇಲ್ಲವಾದರೆ ಎರಡೇ ದಿನಕ್ಕೆ ಕಿತ್ತು ಬರುತ್ತದೆ.